ಸುಣ್ಣಕ್ಕೆ ಸೋತ ನಾಲಿಗೆ

ಬೆಳಕು ಹರಿಯುವ ಹೊತ್ತು. ನರಿಮೊಗರಿನ ತಾಳೆ ಮರಗಳಿಂದ ಇಳಿದ ಎಂಟು ಮಂದಿ ತಮ್ಮ ಮಡಕೆಗಳನ್ನು ಮುಂದಿಟ್ಟುಕೊಂಡು ಬುಡದಲ್ಲೇ ಕೂತಿದ್ದಾರೆ. ಗಿಡ್ಡ ಆಳು ಚನಿಯಪ್ಪ ಒಂದೊಂದು ಮಡಕೆಯ ಎದುರೂ ಕುಕ್ಕರುಗಾಲಲ್ಲಿ ಕೂರುತ್ತಾರೆ. ತೆಂಗಿನ ಗೆರಟೆಯಲ್ಲಿ ಒಂದು ಗುಟುಕು ರಸ ಎತ್ತಿ ಬಾಯಿಗೆ ಹಾಕಿ ಕಣ್ಣು ಮುಚ್ಚುತ್ತಾರೆ. ಆಮೇಲೆ ಉಗುಳಿ, "ಅಡ್ಡಿ ಇಲ್ಲ" ಎನ್ನುತ್ತಾರೆ. ಆ ಮಾತು ಬಂದ ಮೇಲೆಯೇ ಮಡಕೆ ಒಲೆಯ ಕಡೆ ಹೊರಡುವುದು.

ಇದು ಸರಕಾರದ ಬೆಲ್ಲ ತಯಾರಿಕೆಯ ತರಬೇತಿ ಕೇಂದ್ರ. ಹೆಸರು ಕೇಳಿ ಕಟ್ಟಡ ಹುಡುಕಬೇಡಿ. ಇರುವುದು ರಸ್ತೆಯ ಆಚೆಗೆ ಒಂದು ಸೋಗೆಯ ಮಾಡು, ಎರಡು ಒಲೆ, ಒಂದು ಬೋರ್ಡು. ಮದರಾಸು ಸರಕಾರದ ಕಾಲದಲ್ಲಿ ಬಂದ ಪಾನನಿರೋಧ ನಾವು ಮೈಸೂರು ರಾಜ್ಯಕ್ಕೆ ಸೇರಿದರೂ ಹೋಗಿಲ್ಲ. ಪುತ್ತೂರು, ಸುಳ್ಯ, ಕಡಬದ ಕಡೆ ಕಳ್ಳು ಇಳಿಸಿ ಬದುಕುತ್ತಿದ್ದವರ ಕೆಲಸ ಒಂದು ಆಜ್ಞೆಯಿಂದ ಹೋಯಿತು. ಮರಕ್ಕೆ ಆಜ್ಞೆ ಓದಲು ಬರುವುದಿಲ್ಲ, ಅದು ಸುರಿಸುತ್ತಲೇ ಇತ್ತು. ಆ ರಸವನ್ನು ಕಾಯಿಸಿ ಓಲೆಬೆಲ್ಲ ಮಾಡುವುದನ್ನು ಕಲಿಸಿ, ಕಲಿಯುವಷ್ಟು ದಿನ ಭತ್ಯೆ ಕೊಡುವುದು ಸರಕಾರದ ಏರ್ಪಾಡು. ಮೊದಲ ತಂಡದಲ್ಲಿ ಕಲಿತ ಚನಿಯಪ್ಪ ಈಗ ಇಲ್ಲಿ ಕಲಿಸುವವರು.

"ಕಲಿಲಿಕ್ಕೆ ಎಂತ ಉಂಟು ಮಾರಾಯ್ರೆ? ಮಡಕೆಯ ಒಳಗೆ ಸುಣ್ಣ ಬಳಿಯುದು, ಅಷ್ಟೆ" ಎನ್ನುತ್ತಾರೆ ಅವರು. ಸುಣ್ಣ ಸರಿಯಾಗಿದ್ದರೆ ರಸ ಸಿಹಿಯಾಗಿ ಉಳಿದು ಬೆಲ್ಲವಾಗುತ್ತದೆ. ಕಡಿಮೆಯಾದರೆ ಹುಳಿಯಾಗಿ ಕಳ್ಳಾಗುತ್ತದೆ. ಕಳ್ಳು ಹೊತ್ತುಕೊಂಡು ರಸ್ತೆ ದಾಟಿದವನು ಸಿಕ್ಕಿಬಿದ್ದರೆ ಜೈಲು.

ಅವರ ಅಣ್ಣ ಕೊರಗಪ್ಪ ಹಾಗೆಯೇ ಸಿಕ್ಕಿಬಿದ್ದವರು. ಅಣ್ಣತಮ್ಮ ಒಟ್ಟಿಗೆ ತರಬೇತಿಗೆ ಸೇರಿದ್ದರು. ತಮ್ಮ ಹೊಸ ಮಡಕೆ ತೆಗೆದುಕೊಂಡರು, ಅಣ್ಣ ಅಪ್ಪನ ಕಾಲದ್ದನ್ನು ಬಿಡಲಿಲ್ಲ. ಮೂವತ್ತು ವರ್ಷ ಕಳ್ಳು ಕುಡಿದ ಮಣ್ಣು ಅದು. "ಅಣ್ಣ ಅದನ್ನು ಬೂದಿ ಹಾಕಿ ತೊಳೆದ, ಬಿಸಿಲಿಗೆ ಇಟ್ಟ, ಸುಣ್ಣವೂ ಬಳಿದ. ಆದ್ರೂ ರಸ ಹುಳಿ ಬಂತು. ಪೊಲೀಸರು ಮೂಸಿ ನೋಡಿದ್ರು. ಬೆಲ್ಲಕ್ಕೆ ಅಂತ ಹೇಳಿದ್ರೆ ಯಾರು ಕೇಳ್ತಾರೆ?" ಮೂರು ತಿಂಗಳು ಜೈಲಿನಲ್ಲಿ ಕಳೆದು ಮನೆಗೆ ಬಂದ ಕೊರಗಪ್ಪ ಮತ್ತೆ ಮರ ಹತ್ತಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ನಾನು ಪತ್ರಿಕೆಗೆಂದು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಹೇಳುತ್ತಿದ್ದ ಚನಿಯಪ್ಪ ಕತ್ತಿ ಮಸೆಯುತ್ತಲೇ ಇದ್ದರು.

ಅಂದಿನಿಂದ ಚನಿಯಪ್ಪ ರುಚಿ ನೋಡದ ಮಡಕೆ ರಸ್ತೆ ದಾಟಿಲ್ಲ. ಹುಳಿ ಮೂಗಿಗೆ ಬರುವ ಮೊದಲೇ ನಾಲಿಗೆಗೆ ತಿಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಸುಣ್ಣದ ರಸ ವರ್ಷಗಟ್ಟಲೆ ಬಾಯಿಗೆ ಬಿದ್ದು ಆ ನಾಲಿಗೆ ಬಿರಿದು ದಡ್ಡುಗಟ್ಟಿದೆ. ಅನ್ನಕ್ಕೆ ಉಪ್ಪು ಹಾಕಿದ್ದಾರೋ ಇಲ್ಲವೋ ಅವರಿಗೆ ಗೊತ್ತಾಗುವುದಿಲ್ಲವಂತೆ.

ಮಡಕೆಗಳನ್ನು ತಲೆಯ ಮೇಲೆ ಹೊತ್ತು ಒಲೆಗೆ ಸಾಗಿಸುವವರು ಕೊರಗಪ್ಪನ ಹೆಂಡತಿ ಈಶ್ವರಿ. ಇವತ್ತು ಕೊನೆಯ ಮಡಕೆ ಐವರ್ನಾಡಿನಿಂದ ಬಂದ ದೇರಣ್ಣನದು. ಮನೆಯಲ್ಲಿ ಮೂರು ಮಕ್ಕಳು, ಎರಡು ವರ್ಷ ಕೆಲಸವಿಲ್ಲದೆ ಅಲೆದು ಇಲ್ಲಿಗೆ ಸೇರಿದವನು. ಚನಿಯಪ್ಪ ರುಚಿ ನೋಡಿ "ಅಡ್ಡಿ ಇಲ್ಲ" ಎಂದರು. ಈಶ್ವರಿ ಬಗ್ಗಿ ಮಡಕೆ ಎತ್ತುವಂತೆ ಮಾಡಿ, ಬೆರಳು ಅದ್ದಿ ಬಾಯಿಗಿಟ್ಟರು. ರಸವನ್ನೆಲ್ಲ ಮರದ ಬುಡಕ್ಕೆ ಚೆಲ್ಲಿದರು.

"ನಾಳೆ ಸುಣ್ಣ ಸ್ವಲ್ಪ ಜಾಸ್ತಿ ಹಾಕು ಮಗಾ" ಎಂದಷ್ಟೇ ಹೇಳಿ ಖಾಲಿ ಮಡಕೆಯನ್ನು ದೇರಣ್ಣನ ಕೈಗೆ ಕೊಟ್ಟರು. ಅವನು ಮಡಕೆಯ ಒಳಗಿನ ಸುಣ್ಣವನ್ನು ಬೆರಳಿನಿಂದ ಉಜ್ಜಿ ನೋಡಿದ.

ಚನಿಯಪ್ಪ ಎಲ್ಲವನ್ನೂ ನೋಡಿದರು. ಈಶ್ವರಿ ರಸ್ತೆ ದಾಟಿದ ಮೇಲೆ ನನ್ನ ಹತ್ತಿರ ಬಂದು ಕೂತರು.

"ಕಳೆದ ವರ್ಷದಿಂದ ನನಗೆ ಸಿಹಿ, ಹುಳಿ ಎಲ್ಲ ಒಂದೇ. ಅತ್ತಿಗೆಗೆ ಗೊತ್ತುಂಟು. ನಾನು ನೋಡಿದ ಮೇಲೆ ಅವರು ನೋಡ್ತಾರೆ. ನೀವು ಅದನ್ನು ಬರೀರಿ."

ಬರೆದರೆ ನಿಮ್ಮ ಕೆಲಸ ಹೋಗುವುದಿಲ್ಲವೇ ಎಂದು ಕೇಳಿದೆ.

"ಹೋಗಲಿ. ಅತ್ತಿಗೆಗೆ ಕೊಡಲಿ. ಹೆಂಗಸರನ್ನು ಈ ಕೆಲಸಕ್ಕೆ ತೆಗೊಳ್ಳುದಿಲ್ಲ ಅಂತ ಆಫೀಸಲ್ಲಿ ಹೇಳ್ತಾರೆ. ಬೇರೆ ಯಾರನ್ನಾದ್ರೂ ಕಳಿಸ್ತಾರಂತೆ." ಅವರು ಬಾಯಿ ಮುಕ್ಕಳಿಸಿ ಉಗುಳಿ, ರಸ್ತೆಯ ಆಚೆ ಒಲೆ ಊದುತ್ತಿದ್ದ ಈಶ್ವರಿಯನ್ನು ನೋಡಿದರು. "ಬರುವವ ಒಳ್ಳೆಯವನೇ ಇರಬಹುದು. ಆದ್ರೆ ಅವನ ಮನೆಯಿಂದ ಯಾರೂ ಜೈಲಿಗೆ ಹೋಗಿರುದಿಲ್ಲ."