ಒಂಬತ್ತನೇ ಬಿಲ್ಲೆ

ಜಗಳೂರಿನ ಹೊರಗೆ, ರಸ್ತೆಗೆ ಬೆನ್ನು ಮಾಡಿ ನಿಂತ ಧಾನ್ಯದ ಗೋದಾಮು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೂಕಮ್ಮ ಕೆಮ್ಮಣ್ಣಿಗೆ ಸೆಗಣಿ ಬೆರೆಸಿ ಕಲಸುತ್ತಿದ್ದಾರೆ. ಜೋಳದ ಹುಳು ಸಾಯಿಸಲು ಇವತ್ತು ಒಳಗೆ ಗ್ಯಾಸಿನ ಗುಳಿಗೆ ಇಡುತ್ತಾರೆ. ಇಟ್ಟವರು ಹೊರಗೆ ಬಂದ ಮೇಲೆ ಬಾಗಿಲು ಎಳೆದು ಸಂದಿಗೆಲ್ಲ ಈ ಮಣ್ಣು ಮೆತ್ತಬೇಕು. ಆಮೇಲೆ ಒಂದು ವಾರ ಒಳಗೆ ಉಸಿರಾಡುವ ಯಾವುದೂ ಉಳಿಯುವುದಿಲ್ಲ.

ಮಣ್ಣು ಕಲಸುವುದು ಮೂಕಮ್ಮನ ಸಣ್ಣ ಕೆಲಸ. ಯಾರು ಯಾವ ಬಾಗಿಲು ದಾಟಬಹುದು ಎಂದು ನೋಡಿಕೊಳ್ಳುವುದು ದೊಡ್ಡ ಕೆಲಸ. ಗೋಡೆಯ ಹಲಗೆಯ ಮೇಲೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು. ಹಮಾಲರದು ದುಂಡಗೆ, ಅವರು ಮೂಟೆ ಇರುವ ಒಳಕೋಣೆಗೂ ಹೋಗಬಹುದು. ಜರಡಿ ಹಿಡಿಯುವ ಹೆಂಗಸರದು ಮೂರು ಮೂಲೆ, ಅವರಿಗೆ ಚಪ್ಪರ ಮಾತ್ರ. ಗುಳಿಗೆ ಇಡುವ ಇಬ್ಬರ ಬಿಲ್ಲೆಗೆ ಕೆಂಪು ದಾರ. ಒಳಗೆ ಹೋಗುವವರು ಬಾಗಿಲ ಮೊಳೆಗೆ ಬಿಲ್ಲೆ ಹಾಕಬೇಕು, ಹೊರಗೆ ಬಂದವರು ತೆಗೆದುಕೊಳ್ಳಬೇಕು. ಮೊಳೆಯಲ್ಲಿ ಬಿಲ್ಲೆ ಇರುವ ತನಕ ಬಾಗಿಲು ಮುಚ್ಚುವಂತಿಲ್ಲ.

"ಕೊಡಾದು ಸುಲಭ ಕಣಪ್ಪ. ಕೆಲಸ ಬಿಟ್ಟೋನ ಹತ್ರ ವಾಪಸ್ ಇಸ್ಕಳಾದೈತಲ್ಲ, ಅದು ಕಷ್ಟ. ಬಿಲ್ಲೆ ಕೊಡು ಅಂದ್ರೆ ಉಡದಾರ ಬಿಚ್ಚು ಅಂದಂಗೆ ಆಡ್ತಾರೆ," ಎನ್ನುತ್ತಾರೆ ಮೂಕಮ್ಮ, ಪತ್ರಿಕೆಗೆ ಬರೆಯಲು ಬಂದ ನನಗೆ.

ಹಮಾಲ ಕೊಟ್ರಬಸಪ್ಪ ರೇಗಿಸುತ್ತಾನೆ: "ಅಕ್ಕ ಅವಳ ಮನಿಗೆ ಹೋಗಾಕೂ ಬಿಲ್ಲೆ ಕೇಳ್ತಾಳೆ."

"ನಿನ್ನ ಹೆಂಡ್ತಿ ಕೇಳಿದ್ರೆ ಪುಣ್ಯ ಕಟ್ಕಳಾಳು."

ಇಷ್ಟು ಮಾಡುವ ಮೂಕಮ್ಮ ಪಗಾರದ ಪಟ್ಟಿಯಲ್ಲಿ ಕಸ ಗುಡಿಸುವವಳು. ಮೂವತ್ತೊಂದು ಬಿಲ್ಲೆಗಳಲ್ಲಿ ಒಂದೂ ಅವರ ಹೆಸರಿನಲ್ಲಿಲ್ಲ. ಕಸ ಗುಡಿಸುವವಳಿಗೆ ಒಳಗೇನು ಕೆಲಸ ಎನ್ನುತ್ತಾರೆ ಮ್ಯಾನೇಜರು. ಆ ಮಾತು ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ. ಈ ಕೆಲಸ ಅವರಿಗೆ ಬಂದದ್ದು ಹೇಗೆ ಎಂದು ಗೊತ್ತಾದರೆ ಇನ್ನೂ ಉರಿಯುತ್ತದೆ.

ಎಪ್ಪತ್ತೆಂಟನೇ ಇಸವಿಯಲ್ಲಿ ಒಂಬತ್ತನೇ ಬಿಲ್ಲೆ ಹಮಾಲ ಚಿಕ್ಕಹನುಮಂತಪ್ಪನದು. ಅವನಿಗೆ ಜ್ವರ. ಒಂದು ದಿನದ ಕೂಲಿ ಹೋಗಬಾರದೆಂದು ತನ್ನ ಬಿಲ್ಲೆಯನ್ನು ಗೆಳೆಯ ದುರುಗಪ್ಪನಿಗೆ ಕೊಟ್ಟು ಕಳಿಸಿದ. ದುರುಗಪ್ಪ, ಅಂದರೆ ಮೂಕಮ್ಮನ ಗಂಡ, ಅದನ್ನು ಮೊಳೆಗೆ ಹಾಕಿ ಒಳಗೆ ಹೋದ. ಜ್ವರ ಇಳಿದ ಮೇಲೆ ಹೊತ್ತು ಮುಳುಗುವಾಗ ಚಿಕ್ಕಹನುಮಂತಪ್ಪ ಗೋದಾಮಿನ ಕಡೆ ಬಂದ. ಮೊಳೆಯಲ್ಲಿ ತನ್ನ ಬಿಲ್ಲೆ ಕಂಡಿತು. ದುರುಗಪ್ಪ ಬಿಟ್ಟು ಹೋಗಿರಬೇಕು ಎಂದುಕೊಂಡು, ದಿನಾ ಮಾಡುವ ಹಾಗೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದ. ಮೊಳೆ ಖಾಲಿ. ಬಾಗಿಲು ಮುಚ್ಚಿದರು. ಅವತ್ತೂ ಗುಳಿಗೆ ಇಟ್ಟಿದ್ದರು.

"ಹೊನ್ನಾಳಿ ಕಡೆ ಭತ್ತ ಕೊಯ್ಯಾಕೆ ಹೋಗಿರಬೇಕು ಅಂದ್ಕಂಡಿದ್ದೆ," ಎನ್ನುತ್ತಾರೆ ಮೂಕಮ್ಮ. "ವಾರದ ಮ್ಯಾಲೆ ಬಾಗ್ಲು ತೆಗೆದ್ರು."

ಸತ್ತವನದೇ ತಪ್ಪು ಎಂದು ಬರೆದು ಆಗಿನ ಮ್ಯಾನೇಜರು ಕೈ ತೊಳೆದುಕೊಂಡರು. ಪರಿಹಾರದ ಬದಲು ಹೆಂಡತಿಯ ಕೈಗೆ ಪೊರಕೆ ಕೊಟ್ಟರು. ಚಿಕ್ಕಹನುಮಂತಪ್ಪ ಬೇರೆ ನಂಬರು ಪಡೆದ. ಒಂಬತ್ತನ್ನು ಮೂಕಮ್ಮನ ಕೈಗಿಟ್ಟು ಹೋದವನು ಮತ್ತೆ ಅದನ್ನು ಮುಟ್ಟಿಲ್ಲ. ಬಿಲ್ಲೆ ಹಂಚುವ ಕೆಲಸ ಯಾರಿಗೂ ಬೇಡವಾಗಿ ತಾನಾಗಿ ಮೂಕಮ್ಮನಿಗೆ ಬಂತು. ಒಂದು ಪದ್ಧತಿಯನ್ನು ಅವರೇ ತಂದರು. ಗುಳಿಗೆ ಇಟ್ಟ ಮೇಲೆ ಗ್ಯಾಸು ಏಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಎಲ್ಲರ ಹೆಸರನ್ನೂ ಕೂಗುತ್ತಾರೆ. ಕೊನೆಗೆ ಗಂಡನ ಹೆಸರು. ಬೇರೆಲ್ಲೂ ಆ ಹೆಸರು ಅವರ ಬಾಯಲ್ಲಿ ಬರುವುದಿಲ್ಲ; ನನ್ನ ಹತ್ತಿರವೂ "ಇವರು" ಎಂದೇ ಹೇಳಿದರು.

ಈಗ ಗುಳಿಗೆ ಇಟ್ಟ ಇಬ್ಬರೂ ಹೊರಗೆ ಬಂದಿದ್ದಾರೆ. ಮೊಳೆ ಖಾಲಿ. ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ದೂರ ನಿಂತಿದ್ದಾರೆ. ಮೂಕಮ್ಮ ಕೂಗುತ್ತಾರೆ. ಕೊಟ್ರಬಸಪ್ಪ. ಹಿಂದಿನಿಂದ "ಇದೀನಕ್ಕ." ಚಿಕ್ಕಹನುಮಂತಪ್ಪ. "ಇದೀನಿ." ಒಬ್ಬೊಬ್ಬರೂ ಅಂಗಳದಿಂದಲೇ ಓಗೊಡುತ್ತಾರೆ. ಕೊನೆಗೆ ಮೂಕಮ್ಮ ಕತ್ತಲೆಯ ಕಡೆ ಮುಖ ತಿರುಗಿಸಿ, ದನಿ ತಗ್ಗಿಸಿ, "ದುರುಗಪ್ಪ" ಎನ್ನುತ್ತಾರೆ.

ಒಳಗಿನಿಂದ "ಹ್ಞೂ" ಎಂದು ಬರುತ್ತದೆ.

ಅಂಗಳದಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗುತ್ತಾರೆ.

"ಪಾರಿವಾಳ ಇರಬೇಕು. ಎಳೀರಿ ಬಾಗಿಲು," ಎನ್ನುತ್ತಾರೆ ಮ್ಯಾನೇಜರು.

ಮೂಕಮ್ಮ ಎಲೆಯಡಿಕೆ ಚೀಲದಿಂದ ಒಂಬತ್ತನೇ ಬಿಲ್ಲೆ ತೆಗೆದು ಮೊಳೆಗೆ ಹಾಕಿ, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ಹೋಗುತ್ತಾರೆ.

"ಅದು ಸತ್ತೋನ ಬಿಲ್ಲೆ, ಲೆಕ್ಕಕ್ಕಿಲ್ಲ. ತೆಗೀರಿ ಅದನ್ನ. ಗ್ಯಾಸು ಹೊರಗೆ ಬಂದ್ರೆ ಯಾರು ಹೊಣೆ?" ಎಂದು ಮ್ಯಾನೇಜರು ದೂರದಿಂದಲೇ ಕೂಗುತ್ತಾರೆ.

ಚಿಕ್ಕಹನುಮಂತಪ್ಪ ಬಂದು ಮೊಳೆಯ ಮೇಲೆ ಅಂಗೈ ಊರಿ ನಿಲ್ಲುತ್ತಾನೆ. ಆ ಬಿಲ್ಲೆಯನ್ನು ಅವನು ಮುಟ್ಟಿದ್ದು ಇಷ್ಟು ವರ್ಷಕ್ಕೆ ಇದೇ ಮೊದಲು. "ನಾನು ತೆಗಿಯಲ್ಲ ಸಾಹೇಬ್ರೇ. ನೀವೂ ತೆಗೀಬ್ಯಾಡ್ರಿ." ಒಳಗಿನಿಂದ ಗ್ಯಾಸಿನ ವಾಸನೆ, ಕೊಳೆತ ಬೆಳ್ಳುಳ್ಳಿಯಂಥದ್ದು, ಸಣ್ಣಗೆ ಬರುತ್ತಿದೆ.

ಮೂಕಮ್ಮ ಹೊರಗೆ ಬರುವಾಗ ಒಬ್ಬನ ರಟ್ಟೆ ಹಿಡಿದು ಎಳೆದು ತರುತ್ತಾರೆ. ತಿಪ್ಪೇಶಪ್ಪ, ನ್ಯಾಮತಿಯಿಂದ ನಿನ್ನೆ ಸಂಜೆ ಬಂದ ಲಾರಿಯ ಕೂಲಿ. ದಣಿದು ಗೋಡೆಗೂ ಮೂಟೆಗೂ ನಡುವೆ ಮಲಗಿಬಿಟ್ಟಿದ್ದ. ಹೊರಗಿನವನು, ಬಿಲ್ಲೆ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಾನೆ. ಕೊಟ್ರಬಸಪ್ಪ ನೀರು ಕೊಡುತ್ತಾನೆ.

"ಹ್ಞೂ ಅಂದಿದ್ದಕ್ಕೆ ಬದುಕಿದೆ ಕಣೋ," ಎನ್ನುತ್ತಾನೆ.

ತಿಪ್ಪೇಶಪ್ಪ ತಲೆ ಎತ್ತುತ್ತಾನೆ. "ನಾನೆಲ್ಲಿ ಹ್ಞೂ ಅಂದೆ? ಈ ಅಕ್ಕ ಬಂದು ಅಲ್ಲಾಡ್ಸೋ ಮಟ ನಂಗೆ ಎಚ್ಚರನೇ ಇರ್ಲಿಲ್ಲ."

ಮೂಕಮ್ಮ ಮೊಳೆಯಿಂದ ಬಿಲ್ಲೆ ತೆಗೆದುಕೊಳ್ಳುತ್ತಾರೆ, ಬಾಗಿಲು ಎಳೆಸುತ್ತಾರೆ, ಮಣ್ಣು ಮೆತ್ತಲು ಶುರು ಮಾಡುತ್ತಾರೆ. ಮ್ಯಾನೇಜರು ಆಗಲೇ ಜೀಪು ಹತ್ತಿದ್ದಾರೆ. ಒಂದು ಜೀವ ಉಳಿಸಿದವಳಿಗೆ ಒಂದು ಮಾತೂ ಆಡಲಿಲ್ಲ. ಹತ್ತುವಾಗ ಹೇಳಿದ್ದು ಇಷ್ಟೇ: ಆ ಒಂಬತ್ತನ್ನು ಆಫೀಸಿಗೆ ತಂದು ಒಪ್ಪಿಸಬೇಕು.

ನಿಮಗೆ ಏನು ಬೇಕು ಎಂದು ಕೇಳುತ್ತೇನೆ. ಮೂಕಮ್ಮ ಮೆತ್ತುತ್ತಲೇ ಹೇಳುತ್ತಾರೆ.

"ನನ್ನ ಹೆಸರಿಗೆ ಒಂದು ಬಿಲ್ಲೆ. ಯಾವ ನಂಬ್ರಾದ್ರೂ ಆಗ್ಲಿ. ನಾನು ಒಳಗೆ ಹೋದಾಗ ಹೊರಗೆ ನಿಂತು ಯಾರಾದ್ರೂ ನನ್ನ ಹೆಸರು ಕೂಗಬೇಕಲ್ಲ."

ಕೊನೆಯ ಸಂದಿಗೆ ಮಣ್ಣು ಒತ್ತಿ, ಅಂಗೈಯನ್ನು ಬಾಗಿಲ ಮೇಲೆ ಸ್ವಲ್ಪ ಹೊತ್ತು ಹಾಗೇ ಇಡುತ್ತಾರೆ.

"ಒಂಬತ್ತು ಕೇಳಬ್ಯಾಡ್ರಿ ಅಂತ ಬರಿಯಪ್ಪ. ಅದು ಇವರದ್ದು. ಇವರು ಇನ್ನೂ ಹೊರಗೆ ಬಂದಿಲ್ಲ."