ನೀರಿನಂಚಿಗೆ ನೆಟ್ಟ ಕಡ್ಡಿ

ಕೊಪ್ಪದಲ್ಲಿ ಬೆಳಗಿನ ಆರರ ಬಸ್ಸು ಹತ್ತುವಾಗಲೇ ನನ್ನ ಎದೆ ಡವಡವ ಎನ್ನುತ್ತಿತ್ತು. ನಾನು ಹುಟ್ಟಾ ಪುಕ್ಕಲಿ. ಜೊತೆಗಿದ್ದವಳು ಕಡಹಿನಬೈಲಿನ ಗೆಳತಿ ವಿಮಲಾ. ಅಡಿಕೆ ಸುಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಮಾತಿನಲ್ಲೂ ಅಷ್ಟೇ. ದೀಪಾವಳಿ ಮುಗಿದಿತ್ತು, ಸುಲಿಯುವ ಕೆಲಸಕ್ಕೆ ಇನ್ನೂ ವಾರವಿತ್ತು. ಅಷ್ಟರೊಳಗೆ ಮಂಗಳೂರು ನೋಡಿ ಬರೋಣವೆಂದು ಹೊರಡಿಸಿದ್ದು ಅವಳೇ. ಇಬ್ಬರೂ ಸಮುದ್ರ ಕಂಡವರಲ್ಲ.

ಶೃಂಗೇರಿ ದಾಟಿ ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಮುಂದಿನ ಸೀಟಿನ ಕಂಬಿ ಹಿಡಿದೆ. "ಎಂತ ಮಾರಾಯ್ತಿ, ಬಸ್ಸು ಬೀಳದ ಹಾಗೆ ನೀನೇ ಹಿಡ್ಕೊಂಡಿದ್ದೀಯ?" ಎಂದು ವಿಮಲಾ ನಕ್ಕಳು.

ಹತ್ತೂವರೆಗೆ ಇಳಿದೆವು. ಸೆಕೆಗೆ ರವಿಕೆ ಬೆನ್ನಿಗೆ ಅಂಟಿತು. ಬಂದರಿನಲ್ಲಿ ಸಾಲಾಗಿ ನಿಂತ ಮೀನು ದೋಣಿಗಳನ್ನು ನೋಡಿ, ಗೋಳಿಬಜೆ ತಿಂದು, ತಲಾ ಇಪ್ಪತ್ತು ರೂಪಾಯಿ ಕೊಟ್ಟು ದೋಣಿಯಲ್ಲಿ ಹೊಳೆಯಾಚೆ ಹೋದೆವು. ಹೊಳೆ ಸಮುದ್ರ ಸೇರುವಲ್ಲಿ, ನೀರಿನ ನಡುವೆ ಒಂದು ಮರಳ ದಿಬ್ಬವಿತ್ತು. ಮೊಣಕಾಲುದ್ದದ ನೀರು ದಾಟಿದರೆ ಆಯಿತು. ನಾಲ್ಕೈದು ಹೆಂಗಸರು ಅಲ್ಲಿ ಚಿಪ್ಪು ಹೆಕ್ಕುತ್ತಿದ್ದರು. ನಾವೂ ಹೋಗಿ ರೊಟ್ಟಿಯ ಬುತ್ತಿ ಬಿಚ್ಚಿದೆವು.

ನಮ್ಮ ಕಡೆ ಹೊಳೆಬದಿ ಕೂರುವ ಮೊದಲು ನೀರಿನಂಚಿಗೆ ಒಂದು ಕಡ್ಡಿ ನೆಡುತ್ತಾರೆ. ಅದು ಮುಳುಗಿದರೆ ಮೇಲೆಲ್ಲೋ ಮಳೆ ಸುರಿದಿದೆ, ಎದ್ದು ಹೊರಡಬೇಕು ಎಂದರ್ಥ. ನಾನು ಅಲ್ಲೂ ನೆಟ್ಟೆ. ಉಂಡು ಅಡ್ಡಾಗಿ ಸ್ವಲ್ಪ ಹೊತ್ತಿಗೆ ನೋಡಿದರೆ ಕಡ್ಡಿಯ ತುದಿ ಬೆರಳಷ್ಟೇ ಕಾಣುತ್ತಿತ್ತು. ಪೂರ್ವಕ್ಕೆ ಘಾಟಿಯತ್ತ ಕಣ್ಣು ಹಾಯಿಸಿದೆ. ಒಂದು ಮೋಡವೂ ಇಲ್ಲ.

"ಮರಳಲ್ಲಿ ಕುಸಿದಿರ್ಬೇಕು," ಎಂದೆ.

"ಮತ್ತೆಂತ? ಮಳೆ ಇಲ್ದೆ ನೀರು ಎಲ್ಲಿಂದ ಬತ್ತದೆ?" ಎಂದು ವಿಮಲಾ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ನಾನೂ ಕಣ್ಣು ಮುಚ್ಚಿದೆ. ಹೆದರದೆ ಮಲಗಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಕಾಲಿಗೆ ನೀರು ತಾಗಿ ಎಚ್ಚರವಾಯಿತು. ಕಡ್ಡಿ ಇರಲಿಲ್ಲ. ದಿಬ್ಬದ ಅರ್ಧವೂ ಇರಲಿಲ್ಲ. ಚಿಪ್ಪಿನ ಹೆಂಗಸರೆಲ್ಲ ದಡ ಸೇರಿದ್ದರು. ಅವರಲ್ಲೊಬ್ಬಾಕೆ ಕೈ ಬೀಸಿ ಕೂಗುತ್ತಿದ್ದಳು: "ನೀರು ಏರ್ತಾ ಉಂಟು! ಬೇಗ ಬನ್ನಿ ಮಾರಾಯ್ರೆ!"

ಇಬ್ಬರಿಗೂ ಈಜು ಬಾರದು. ಮೊಣಕಾಲಿಗಿದ್ದ ನೀರು ಸೊಂಟಕ್ಕೆ, ನಾಲ್ಕು ಹೆಜ್ಜೆಗೆ ಎದೆಗೆ ಬಂತು. ಕಾಲಡಿಯ ಮರಳು ಜಾರುತ್ತಿತ್ತು. ಇನ್ನು ಮುಗಿಯಿತು ಅಂದುಕೊಂಡೆ. "ನನ್ನ ಕೈ ಬಿಡ್ಬೇಡ್ವೇ," ಎಂದು ವಿಮಲಾ ಅತ್ತಳು. ಅವಳು ಅತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದನ್ನು ಕೇಳಿ ನನ್ನ ಜೀವ ಇನ್ನಷ್ಟು ಹಾರಿಹೋಯಿತು.

ಆ ಹೆಂಗಸು ಸೊಂಟದವರೆಗೆ ನೀರಿಗಿಳಿದು ಬಂದು ತನ್ನ ಬುಟ್ಟಿಯ ಹಗ್ಗ ಎಸೆದಳು. ದಡ ಮುಟ್ಟಿದ ಮೇಲೆ ಮೋಡವಿಲ್ಲದ್ದರಿಂದ ಮಲಗಿದೆವೆಂದು ಹೇಳಿದೆ. ಆಕೆ ಹಣೆ ಚಚ್ಚಿಕೊಂಡಳು.

"ಸಮುದ್ರಕ್ಕೆ ಮಳೆ ಯಾಕೆ ಬೇಕು? ದಿನಕ್ಕೆ ಎರಡು ಸಲ ಏರ್ತದೆ."

ಮರಳುವ ದೋಣಿಯಿಂದ ತಿರುಗಿ ನೋಡಿದೆ. ನಾವು ಬುತ್ತಿ ಬಿಚ್ಚಿದ ಜಾಗದ ಮೇಲೆ ಒಂದು ಮೀನು ದೋಣಿ ಹೋಗುತ್ತಿತ್ತು.

ಸಂಜೆ ಘಾಟಿಯ ಮೊದಲ ತಿರುವಿಗೇ ವಿಮಲಾ ಕಂಬಿ ಹಿಡಿದಳು. ನಾನು ಆಡಿಕೊಳ್ಳಲಿಲ್ಲ, ಅವಳ ಪಕ್ಕದಲ್ಲೇ ಹಿಡಿದುಕೊಂಡೆ. ಶೃಂಗೇರಿ ಬರುವವರೆಗೂ ಇಬ್ಬರೂ ಕೈ ತೆಗೆಯಲಿಲ್ಲ.