ಬೇವು ಕಟ್ಟಿದ ಬಾಗಿಲು, ಒಳಗೆ ಐರಿಷ್ ಟೀಚರ್

೧೯೯೦ನೇ ಇಸವಿಯಲ್ಲಿ ನನ್ನ ಹುದ್ದೆ ಗೃಹಿಣಿ. ಕುವೈತಿನ ಇಕಾಮಾದಲ್ಲಿ, ಅಂದರೆ ಅಲ್ಲಿ ವಾಸಕ್ಕೆ ಕೊಡುವ ಪರವಾನಗಿಯಲ್ಲಿ, ಹಾಗೆಂದೇ ಬರೆದಿತ್ತು. ನಾವಿದ್ದದ್ದು ಅಲ್ಲಿಯ ಹವಲ್ಲಿ ಎಂಬ ಬಡಾವಣೆಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಗದಗಿನ ಕಡೆಯವರು ನಾವು. ಯಜಮಾನರು ಏಸಿ ಟೆಕ್ನಿಷಿಯನ್, ಮಗಳು ವಿದ್ಯಾ ಮೂರನೇ ಕ್ಲಾಸು. ಊರಲ್ಲಿದ್ದಾಗ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ. ಹೀಗಾಗಿ ಅಡಿಗೆ, ಪೂಜೆ ಮುಗಿಸಿ ಮಧ್ಯಾಹ್ನ ಮನೆಯಲ್ಲೇ ಕೂತು ಅವರಿವರ ಕಾಗದಪತ್ರ ಟೈಪ್ ಮಾಡಿಕೊಡುತ್ತಿದ್ದೆ. ವೃತ್ತಿ ಅಂದರೆ ನನ್ನದು ಇಷ್ಟೇ. ಇದರಲ್ಲಿ ಹೇಳುವಂಥ ಪ್ರಸಂಗ ಒಂದೇ ಒಂದು ಇದೆ.

ಮೂರನೇ ಮಹಡಿಯಲ್ಲಿ ನೋರಾ ಎಂಬ ಐರ್ಲೆಂಡಿನ ಹೆಂಗಸು ಒಬ್ಬರೇ ಇದ್ದರು. ವಯಸ್ಸು ಐವತ್ತರ ಆಸುಪಾಸು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಬಿಡುವಿನಲ್ಲಿ ಅವರು ಬರೆಯುತ್ತಿದ್ದ ಥೀಸಿಸ್ಸನ್ನು ನಾನು ಟೈಪ್ ಮಾಡುತ್ತಿದ್ದೆ. ನಾನೂರು ವರ್ಷದ ಹಿಂದೆ ಅವರ ದೇಶದಲ್ಲಿದ್ದ ವಂಶಪಾರಂಪರ್ಯದ ಕವಿಗಳ ಬಗ್ಗೆ ಅದು. ತಂದೆ ಕವಿಯಾದರೆ ಮಗನೂ ಕವಿ. ಪ್ರತಿ ಪಾಳೆಯಗಾರನ ಮನೆಗೂ ಒಬ್ಬ ಕವಿ. ಕವಿ ಹೊಗಳಬೇಕು, ವಂಶಾವಳಿ ನೆನಪಿಡಬೇಕು. ಪಾಳೆಯಗಾರ ಅವನಿಗೆ ಸೂರು, ಊಟ, ದನಕರು ಕೊಡಬೇಕು. ಕೊಡದೆ ಜಿಪುಣತನ ಮಾಡಿದರೆ ಕವಿ ಬೈದು ಪದ್ಯ ಕಟ್ಟುತ್ತಾನೆ, ಆ ಪದ್ಯಕ್ಕೆ ಮುಖದ ಮೇಲೆ ಬೊಕ್ಕೆ ಏಳುತ್ತವೆ ಎಂದು ಜನ ನಂಬಿದ್ದರಂತೆ. ಇದನ್ನು ಟೈಪ್ ಮಾಡುವಾಗ ನಾನು ನಕ್ಕಿದ್ದೆ. "ನಮ್ಮ ಕಡೆ ಬೊಕ್ಕೆ ಏಳಿಸೋದು ಊರದೇವಿ ದ್ಯಾಮವ್ವ, ಟೀಚರ್" ಎಂದು ಹೇಳಿದ್ದೆ.

ಆಗಸ್ಟ್ ಎರಡರಂದು ಇರಾಕಿನ ಸೈನ್ಯ ಬಂತು. ಅದರ ಬಗ್ಗೆ ತಿಳಿದವರು ಬೇಕಾದಷ್ಟು ಬರೆದಿದ್ದಾರೆ. ನಮ್ಮ ಪರಿಚಯದ ಕುಟುಂಬಗಳು ಒಂದೊಂದಾಗಿ ಬಸ್ಸು ಹತ್ತಿ ಅಮ್ಮಾನಿನ ದಾರಿ ಹಿಡಿದವು. ನಮ್ಮ ಪಾಸ್‌ಪೋರ್ಟುಗಳು ಯಜಮಾನರ ಕಫೀಲನ ಬಳಿ ಇದ್ದವು. ಕಫೀಲ್ ಅಂದರೆ ಕೆಲಸಕ್ಕೆ ಕರೆಸಿಕೊಂಡು ನಮ್ಮ ಜವಾಬ್ದಾರಿ ಹೊತ್ತ ಅಲ್ಲಿಯ ಮನುಷ್ಯ. ಆತ ಮೊದಲ ವಾರವೇ ಸೌದಿಗೆ ಹೋಗಿಬಿಟ್ಟಿದ್ದ. ನಾವು ಉಳಿದೆವು. ಅಳು ಬರಲಿಲ್ಲ. ಅಕ್ಕಿ ಇತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಮಗಳಿಗೆ ಜ್ವರ ಇರಲಿಲ್ಲ. ದಿನಾ ಬೆಳಿಗ್ಗೆ ದೇವರ ಮುಂದೆ ಇಷ್ಟನ್ನು ಹೇಳಿ ದೀಪ ಹಚ್ಚುತ್ತಿದ್ದೆ.

ಸೈನಿಕರು ಬಿಳಿಯರನ್ನು ಹುಡುಕಿ ಬಾಗ್ದಾದಿಗೆ ಒಯ್ಯತೊಡಗಿದರು. ಬಚ್ಚಿಟ್ಟವರಿಗೆ ಗಲ್ಲು ಎಂಬ ಸುದ್ದಿ ಹಬ್ಬಿತು. ನೋರಾ ಟೀಚರರ ದೇಶಕ್ಕೂ ಈ ಜಗಳಕ್ಕೂ ಸಂಬಂಧವಿರಲಿಲ್ಲ. ಆದರೆ ಬೀದಿಯಲ್ಲಿ ನಿಂತ ಸೈನಿಕನಿಗೆ ಕಾಣುವುದು ಚರ್ಮದ ಬಣ್ಣ. ಅವರ ಮನೆಯಲ್ಲಿ ತಿನ್ನಲು ಏನೂ ಉಳಿದಿಲ್ಲವೆಂದು ತಿಳಿದ ದಿನ ಯಜಮಾನರೇ ಹೋಗಿ ಅವರನ್ನು ಕೆಳಗೆ ಕರೆತಂದರು. ನಾವು ಚರ್ಚೆ ಮಾಡಲಿಲ್ಲ. ಮಗಳ ಕೋಣೆ ಬಿಟ್ಟುಕೊಟ್ಟು ಕಿಟಕಿಗೆ ಕಂಬಳಿ ಹೊಡೆದೆವು.

ಮರುದಿನ ಯಜಮಾನರು ಥೀಸಿಸ್ಸಿನ ಹಾಳೆಗಳನ್ನು ಕೈಯಲ್ಲಿ ಹಿಡಿದು ನಿಂತರು. "ಸುನಂದಾ, ಇವೆಲ್ಲಾ ಇವತ್ತ ಹೋಗಬೇಕು. ಟೈಪ್‌ರೈಟರ್ರೂ ಹೋಗಬೇಕು. ಸಿಕ್ರ, ಪಾಂಪ್ಲೆಟ್ ಹೊಡ್ಯಾಕತ್ತೀರಿ ಅಂತಾರ."

"ಕೇಳೂಣು ತಡೀರಿ. ಅವರ ಜೀವಮಾನದ ಕೆಲಸ ಅದು."

"ಜೀವ ಇದ್ರ ಮಾನ, ಮಾನ ಇದ್ರ ಕೆಲಸ. ಕೇಳು."

ಕೇಳಿದೆ. ಟೀಚರ್ ತಾವೇ ಬಕೆಟ್ಟಿನ ಮುಂದೆ ಕೂತು ಹಾಳೆಗಳನ್ನು ನೆನೆಹಾಕಿ ಹಿಚುಕಿದರು. ನಾನೂ ಹಿಚುಕಿದೆ. ನಾನೇ ಟೈಪ್ ಮಾಡಿದ ಸಾಲುಗಳು ಮುದ್ದೆಯಾದವು. ಟೈಪ್‌ರೈಟರನ್ನು ಯಜಮಾನರು ಕತ್ತಲಾದ ಮೇಲೆ ಎಲ್ಲೋ ಎಸೆದು ಬಂದರು. ಅವರು ಹೇಳಿದರು: "ನನ್ನ ಕವಿಗಳು ಕಾಗದ ಇಲ್ಲದೇ ಪದ್ಯ ಕಟ್ಟುತ್ತಿದ್ದರು, ಸುನಂದಾ. ಗುರು ವಿಷಯ ಕೊಡುತ್ತಿದ್ದ. ಶಿಷ್ಯರು ಕಿಟಕಿಯಿಲ್ಲದ ಕೋಣೆಗಳಲ್ಲಿ ಹಾಸಿಗೆಯ ಮೇಲೆ ಮಲಗಿ, ಮುಖಕ್ಕೆ ಹೊದಿಕೆ ಎಳೆದುಕೊಂಡು, ಇಡೀ ದಿನ ಕತ್ತಲಲ್ಲಿ ಮನಸ್ಸಿನಲ್ಲೇ ಕಟ್ಟುತ್ತಿದ್ದರು. ಕೆಲವರು ಹೊಟ್ಟೆಯ ಮೇಲೆ ಒಂದು ಕಲ್ಲು ಇಟ್ಟುಕೊಳ್ಳುತ್ತಿದ್ದರಂತೆ."

"ಕಲ್ಲು ಯಾಕೆ?"

"ಯಾರಿಗೆ ಗೊತ್ತು? ಮನಸ್ಸು ಹಾರಿಹೋಗಬಾರದು ಅಂತ ಇರಬೇಕು."

ಶುಂಠಿ ಜಜ್ಜುವ ಗುಂಡುಕಲ್ಲನ್ನು ತೊಳೆದು ಕೊಟ್ಟೆ. ತಮಾಷೆಗೆ ಕೊಟ್ಟದ್ದು. ಅವರು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಆ ಕತ್ತಲೆ ಕೋಣೆಯಲ್ಲಿ ಕಲ್ಲು ಇಟ್ಟುಕೊಂಡು ಮಲಗಿರುತ್ತಿದ್ದರು. ಊಟ ಕೊಡಲು ಹೋದಾಗ ತುಟಿ ಅಲುಗುವುದು ಕಾಣುತ್ತಿತ್ತು.

ಮನೆಮನೆ ತಪಾಸಣೆ ನಮ್ಮ ಬೀದಿಗೆ ಬಂದದ್ದು ನವೆಂಬರಿನಲ್ಲಿ. ಬೆಳಗಿನ ಹೊತ್ತು. ಯಜಮಾನರು ರೊಟ್ಟಿಯ ಸಾಲಿನಲ್ಲಿ ನಿಲ್ಲಲು ಹೋಗಿದ್ದರು. ಎದುರಿನ ಕಟ್ಟಡದ ಬಾಗಿಲುಗಳನ್ನು ಬಡಿಯುವ ಸದ್ದು ಕೇಳಿಸಿತು. ನಮ್ಮಲ್ಲಿಗೆ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು, ಅದೊಂದು ಪುಣ್ಯ. ಆಗ ನನಗೆ ಹೊಳೆದದ್ದು ನಮ್ಮೂರಿನ ಕತ್ತಲೆ ಕೋಣೆ. ನಮ್ಮ ಕಡೆ ಮೈಮೇಲೆ ಬೊಕ್ಕೆ ಎದ್ದರೆ ರೋಗ ಅನ್ನುವುದಿಲ್ಲ, ಅಮ್ಮ ಬಂದಾಳ ಅನ್ನುತ್ತೇವೆ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತೇವೆ. ಮಲಗಿದವರ ಮೈಗೆ ಅರಿಶಿನ, ಬೇವು ಅರೆದು ಹಚ್ಚುತ್ತೇವೆ. ಹೊರಗಿನವರು ಒಳಗೆ ಬರುವಂತಿಲ್ಲ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಎಣ್ಣೆ ಕಾಯಿಸುವಂತಿಲ್ಲ. ಕೊನೆಗೆ ಬೇವಿನ ನೀರು ಎರೆದು, ಮೊಸರನ್ನದ ಎಡೆ ಕೊಟ್ಟು ಅಮ್ಮನನ್ನು ಕಳಿಸುತ್ತೇವೆ.

ಕಟ್ಟಡದ ಹಿಂದೆ, ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ, ಒಂದು ಬೇವಿನ ಗಿಡವಿತ್ತು. ವಿದ್ಯಾಳನ್ನು ಮನೆಯಲ್ಲಿ ಬಿಟ್ಟು ಹಿಂದಿನ ಮೆಟ್ಟಿಲಿಂದ ಇಳಿದು ಎರಡು ಕೊಂಬೆ ಮುರಿದು ತಂದು ಕೋಣೆಯ ಬಾಗಿಲಿಗೆ ಕಟ್ಟಿದೆ. ಟೀಚರ್‌ಗೆ ಹೇಳಿದ್ದು ಒಂದೇ ಮಾತು: "ನಿಮ್ಮ ಕವಿಗಳ ಹಾಗೆ ಮಲಗಿ, ಏಳಬೇಡಿ." ಅರಿಶಿನದ ಡಬ್ಬಿ ಪೂರ್ತಿ ಕಲಸಿ ಅವರ ಪಾದ, ಕೈ, ಹಣೆಗೆ ಬಳಿದೆ. ಮುಖವೂ ಮುಚ್ಚುವಂತೆ ನನ್ನ ಸೀರೆ ಹೊದಿಸಿದೆ.

ಮೂವರು ಬಂದರು. ಇಬ್ಬರು ಅಡುಗೆಮನೆ, ಕಪಾಟು ನೋಡತೊಡಗಿದರು. ಮೂರನೆಯವನಿಗೆ ಇಪ್ಪತ್ತೈದಿರಬಹುದು, ಸಣ್ಣ ಮೀಸೆ. ಅವನು ಬೇವು ಕಟ್ಟಿದ ಬಾಗಿಲಿಗೆ ಬಂದ. ನನಗೆ ಅರಬ್ಬಿ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು. ಹಿಂದಿನ ವರ್ಷ ಮಗಳ ಶಾಲೆಯಲ್ಲಿ ಬೊಕ್ಕೆ ಹರಡಿದಾಗ ಕೇಳಿದ್ದ ಒಂದು ಶಬ್ದ ಮಾತ್ರ ನೆನಪಿತ್ತು.

"ಜಿದ್ರಿ" ಎಂದೆ. "ಉಖ್ತಿ." ಬೊಕ್ಕೆ, ನನ್ನ ಅಕ್ಕ.

ಇಬ್ಬರು ಹೊರಗೆ ಓಡಿದರು. ಇವನು ಓಡಲಿಲ್ಲ. ತನ್ನ ಕೆನ್ನೆಯ ಮೇಲಿನ ಹಳೆಯ ಕಲೆಗಳನ್ನು ಬೆರಳಿನಿಂದ ತೋರಿಸಿದ, ನನಗೆ ಆಗಿಹೋಗಿದೆ ಅನ್ನುವ ಹಾಗೆ. ಬಾಗಿಲು ನೂಕಿ ಒಳಗೆ ಹೋದ. ನಾನು ಹಿಂದೆಯೇ ನಿಂತೆ. ಹೆದರಿಕೆಯೂ ಆಗಲಿಲ್ಲ, ದೇವರ ಹೆಸರೂ ಬಾಯಿಗೆ ಬರಲಿಲ್ಲ. ಕತ್ತಲಲ್ಲಿ ಹಳದಿ ಪಾದ ಎರಡು ಕಂಡವು. ಸೀರೆಯ ಕೆಳಗೆ ಕಲ್ಲು ಏಳುತ್ತಿತ್ತು, ಇಳಿಯುತ್ತಿತ್ತು. ಒಳಗಿಂದ ಸಣ್ಣಗೆ ಪಿಸುಮಾತು ಕೇಳಿಸುತ್ತಿತ್ತು. ಅವನು ಜ್ವರದ ಕನವರಿಕೆ ಅಂದುಕೊಂಡಿರಬೇಕು. ಸ್ವಲ್ಪ ಹೊತ್ತು ನಿಂತು, "ಅಲ್ಲಾ ಯಶ್ಫೀಹಾ" ಎಂದ. ದೇವರು ಗುಣಪಡಿಸಲಿ ಎಂದು ಅರ್ಥ. ಹೋಗುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಯಜಮಾನರು ಬಂದಾಗ ನಾನು ಅನ್ನ ಬಸಿಯುತ್ತಿದ್ದೆ. ಹೇಳಿದೆ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. ಆಮೇಲೆ, "ಆತಲ್ಲ, ಮುಗೀತು. ಒಂದೀಟು ಸಾರಿಗೆ ಒಗ್ಗರಣಿ ಕೊಡು" ಎಂದರು.

"ಒಗ್ಗರಣಿ ಇಲ್ಲ."

"ಯಾಕ, ಎಣ್ಣಿ ಇಲ್ಲೇನು?"

"ಅಮ್ಮ ಬಂದಾಳ ಅಂತ ಬಾಯಿಬಿಟ್ಟು ಹೇಳೇನ್ರೀ. ಮನ್ಯಾಗ ಅಮ್ಮ ಇರೂತನಕ ಒಗ್ಗರಣಿ ಹಾಕಂಗಿಲ್ಲ."

"ಏ ಹುಚ್ಚಿ, ಸುಳ್ಳ ಹೇಳಿದ್ದಲ್ಲ ಅದು!"

"ದ್ಯಾಮವ್ವನ ಹೆಸರಿನ ಮ್ಯಾಲೆ ಸುಳ್ಳ ಹೇಳಾಕ ಬರೂದಿಲ್ಲ. ಹೇಳಿದ್ದನ್ನ ನಡಸಬೇಕು."

ಹಾಗೆ ನಡೆಸಿದೆ. ಆ ದಿನ ಸಂಜೆ ವಿದ್ಯಾ ಮೊಣಕೈ ಕೆರೆದುಕೊಳ್ಳುತ್ತಿದ್ದಳು. ನೋಡಿದರೆ ಒಂದು ಕೆಂಪು ಗುಳ್ಳೆ. ಆಡಿದ ಮಾತು ಮಗುವಿನ ಮೈಮೇಲೆ ಬಂತು ಅಂದುಕೊಂಡೆ. ಅದು ಸೊಳ್ಳೆ ಕಚ್ಚಿದ್ದು. ಆದರೂ ನೇಮ ಬಿಗಿಯಾಯಿತು. ದಿನಾ ಹೊಸ ಬೇವು, ದಿನಾ ಅರಿಶಿನ, ಸಪ್ಪೆ ಸಾರು, ಮೊಸರನ್ನ. ಟೀಚರ್‌ಗೆ ಏನೆಂದು ವಿವರಿಸಿದಾಗ ಅವರು ನಗಲಿಲ್ಲ. "ನಿಯಮ ತಪ್ಪಿದ ಪದ್ಯ ನಮ್ಮ ಕವಿಗಳಿಗೆ ಪದ್ಯವೇ ಅಲ್ಲ" ಎಂದು ಹೇಳಿ ಕೈ ಚಾಚಿದರು, ಅರಿಶಿನ ಹಚ್ಚಲಿಕ್ಕೆ. ಅಕ್ಕ ಎಂದು ಸೈನಿಕನಿಗೆ ಹೇಳಿದ್ದರಿಂದ ಅಂದಿನಿಂದ ಅವರನ್ನು ಟೀಚರ್ ಅನ್ನುವುದು ಬಿಟ್ಟು ಅಕ್ಕ ಎಂದೇ ಕರೆದೆ.

ಯಜಮಾನರು ಮಾತ್ರ ದಿನಾ ಊಟಕ್ಕೆ ಕೂತಾಗ ಕೋಣೆಯ ಕಡೆ ನೋಡಿ, "ತಾಯಿ, ಯಾವಾಗ ಹೊಂಟಿ? ನಾಲಿಗಿ ಸಾಸಿವಿ ಮರತೈತಿ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಕಲೆಯ ಕೆನ್ನೆಯ ಅದೇ ಸೈನಿಕ, ಒಬ್ಬನೇ. ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ. ಯಜಮಾನರು ಮನೆಯಲ್ಲಿದ್ದರು, ಅವರ ಅರಬ್ಬಿ ಚೆನ್ನಾಗಿತ್ತು. ಅವನ ತಾಯಿಯೂ ಬೊಕ್ಕೆಯವರಿಗೆ ಹಾಲು ಕೊಡುತ್ತಿದ್ದಳಂತೆ. ಅಕ್ಕ ಹೇಗಿದ್ದಾಳೆ ಎಂದು ಕೇಳಿದ. ಕೋಣೆಯ ಬಾಗಿಲ ಬೇವು ಅಂದು ಬೆಳಿಗ್ಗೆ ಕಟ್ಟಿದ್ದು, ಹಸಿರಾಗಿತ್ತು. ಆ ಬಾಗಿಲು ಅರ್ಧ ತೆರೆದಿತ್ತು. ಅವನು ಒಳಗೆ ಬರಲಿಲ್ಲ, ಅಲ್ಲಿಂದಲೇ ಇಣುಕಿದ. ಹಳದಿ ಪಾದಗಳು ಇದ್ದ ಹಾಗೇ ಇದ್ದವು. ಡಬ್ಬಿ ಕೊಟ್ಟು ಹೋದ.

ಬಾಗಿಲು ಹಾಕಿ ಬಂದ ಯಜಮಾನರು ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟರು. ಆಮೇಲೆ ಒಗ್ಗರಣೆಯ ಸುದ್ದಿ ಎತ್ತಲಿಲ್ಲ.

ಆ ದಿನಗಳಲ್ಲಿ ಅಕ್ಕ ತಮ್ಮ ಕವಿಗಳ ಕೊನೆಯ ಕಾಲದ ಕತೆ ಹೇಳುತ್ತಿದ್ದರು. ನಾನು ಅಕ್ಕಿ ಆರಿಸುತ್ತ ಹೊಸ್ತಿಲ ಈಚೆ ಕೂತಿರುತ್ತಿದ್ದೆ. ಪಕ್ಕದ ದೊಡ್ಡ ರಾಜ್ಯ ಬಂದು ಪಾಳೆಯಗಾರರಿಗೆ, ನಿಮ್ಮ ಭೂಮಿಯನ್ನು ನಮಗೆ ಒಪ್ಪಿಸಿ, ಅದನ್ನೇ ನಾವು ನಿಮಗೆ ದಯಪಾಲಿಸುತ್ತೇವೆ ಎಂದಿತಂತೆ. ಹಳೆಯ ಬಿರುದು ಬಿಟ್ಟು ಹೊಸ ಬಿರುದು ಹಾಕಿಕೊಳ್ಳಬೇಕು. ಹೊರಗೆ ಬೀದಿಯಲ್ಲಿ ಆಗ ಕುವೈತಿನ ನಂಬರ್ ಪ್ಲೇಟ್ ಕಿತ್ತು ಇರಾಕಿನ ಪ್ಲೇಟ್ ಹಾಕಿಸಿಕೊಳ್ಳಲು ಕಾರುಗಳು ನಿಂತಿದ್ದವು. ಕೆಲವು ಪಾಳೆಯಗಾರರು ಒಪ್ಪಿದರು, ಕೆಲವರು ಯುದ್ಧ ಮಾಡಿ ಸೋತು ಹಡಗು ಹತ್ತಿದರು. ಕವಿಗಳು ಉಳಿದರು.

"ಉಳಿದು ಏನು ಮಾಡಿದರು?"

"ಕೆಲವರು ಮಠ ಸೇರಿ ಪರದೇಶದಲ್ಲಿ ನಮ್ಮ ಭಾಷೆಯ ಪುಸ್ತಕ ಅಚ್ಚು ಹಾಕಿಸಿದರು. ಕೆಲವರು ಹಳೆಯ ಚರಿತ್ರೆ ಕೂಡಿಸಿ ಬರೆದರು. ಉಳಿದವರು ನೇಗಿಲು ಹಿಡಿದರು. ಕಷ್ಟ ಯಾವುದು ಗೊತ್ತೇ? ಪದ್ಯ ಕಟ್ಟುವ ವಿದ್ಯೆ ಕೈಯಲ್ಲಿದೆ, ಹೊಗಳಲಿಕ್ಕೆ ಒಂದು ಮನೆ ಇಲ್ಲ."

ಡಿಸೆಂಬರಿನಲ್ಲಿ ಪರದೇಶದವರನ್ನೆಲ್ಲ ಬಿಡುತ್ತಾರೆಂದು ರೇಡಿಯೋ ಹೇಳಿತು. ಕೆಲವು ದಿನ ಕಾದು, ಸುದ್ದಿ ನಿಜವೆಂದು ತಿಳಿದ ಮೇಲೆ ಅಕ್ಕ ಹೊರಡುವುದು ಗೊತ್ತಾಯಿತು. "ನೀರು ಹಾಕದೆ ಕಳಿಸೋದಿಲ್ಲ" ಎಂದೆ. ಬೇವು ಹಾಕಿ ನೀರು ಕಾಯಿಸಿದೆ. ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ತಲೆಯ ಮೇಲಿಂದ ಎರೆದೆ. ಅರಿಶಿನ ಇಳಿದು ಹೋಯಿತು, ಬಿಳಿ ಚರ್ಮ ಹೊರಬಂತು. ದ್ಯಾಮವ್ವನಿಗೆ ಮೊಸರನ್ನದ ಎಡೆ ಹಿಡಿದೆ. ನಿನ್ನ ಹೆಸರು ಹೇಳಿದ್ದಕ್ಕೆ ನಿನ್ನ ನೇಮ ನಡೆಸಿದ್ದೇನೆ, ಲೆಕ್ಕ ಸರಿಹೋಯಿತು, ಹೋಗಿ ಬಾ ತಾಯಿ ಎಂದೆ.

ಅಕ್ಕ ಒದ್ದೆ ಕೂದಲಿನಲ್ಲೇ ಅಡುಗೆಮನೆಯ ನಡುವೆ ಬಂದು ನಿಂತರು. "ನಾನು ನಿಮ್ಮ ಮನೆಯ ಸೂರಿನ ಕೆಳಗೆ ಇದ್ದೆ, ಊಟ ಮಾಡಿದೆ. ನಮ್ಮಲ್ಲಿ ಕವಿ ಬಾಡಿಗೆ ಕೊಡದೆ ಹೋಗುವುದಿಲ್ಲ" ಎಂದು ನಮ್ಮನ್ನು ಕೂರಿಸಿದರು. ಆ ಕತ್ತಲಲ್ಲಿ ಕಟ್ಟಿದ್ದನ್ನು ತಮ್ಮ ಹಳೆಯ ಐರಿಷ್ ಭಾಷೆಯಲ್ಲಿ ಹೇಳತೊಡಗಿದರು. ಹಾಡಲಿಲ್ಲ, ಹೇಳಿದರು. ನಡುವೆ ಯಜಮಾನರ ಹೆಸರು ಬಂತು, ಗದಗ ಎಂದು ಕೇಳಿಸಿತು. ಕೊನೆಗೆ ಸ್ವಲ್ಪ ನಿಲ್ಲಿಸಿ, "ಪದ್ಯ ಮುಗಿದ ಮೇಲೆ ಮನೆಯೊಡತಿಗೆ ಒಂದು ನುಡಿ ಹೆಚ್ಚು ಸೇರಿಸುವುದು ಪದ್ಧತಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಮತ್ತೊಂದು ನುಡಿ ಹೇಳಿದರು. ಅದರಲ್ಲಿ ಸುನಂದಾ ಎಂದಿತ್ತು.

"ಮಮ್ಮಿ, ಯು ಆರ್ ಇನ್ ಇಟ್" ಎಂದಳು ವಿದ್ಯಾ.

ಅರ್ಥ ಕೇಳಬೇಕಿತ್ತು. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ಬಂತು. ಅವರು ನನ್ನ ಕೈಗೆ ಗುಂಡುಕಲ್ಲು ಕೊಟ್ಟು ಇಳಿದು ಹೋದರು. ಆಮೇಲೆ ಅವರ ಸುದ್ದಿ ಸಿಗಲಿಲ್ಲ. ಥೀಸಿಸ್ ಮತ್ತೆ ಬರೆದರೋ ಇಲ್ಲವೋ ಗೊತ್ತಿಲ್ಲ.

ಆ ಸಂಜೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು. ಯಜಮಾನರು ಎರಡು ಸಲ ಅನ್ನ ಹಾಕಿಸಿಕೊಂಡರು. ನನಗೆ ರುಚಿ ಹತ್ತಲಿಲ್ಲ.

ಮುಂದೆ ಜನವರಿಯಲ್ಲಿ ಬಾಂಬು ಬಿದ್ದವು, ಫೆಬ್ರವರಿಯಲ್ಲಿ ಕರೆಂಟು ಹೋಯಿತು. ಎಣ್ಣೆ ಬಾವಿಗಳಿಗೆ ಬೆಂಕಿ ಬಿದ್ದು ಹಾಡುಹಗಲೇ ಕತ್ತಲಾಯಿತು. ಒಂದು ಮಧ್ಯಾಹ್ನ ನಾನು ಆ ಕೋಣೆಯಲ್ಲಿ ಅದೇ ಕಲ್ಲನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದೆ. ದೇವರ ಮೇಲೆ ಏನಾದರೂ ನುಡಿ ಬಂದೀತೆಂದು ಕಾದೆ. ಬರಲಿಲ್ಲ. ಅಕ್ಕಿ ಇದೆ, ಮಗಳು ಆರಾಮಿದ್ದಾಳೆ, ಯಜಮಾನರು ಮನೆಯಲ್ಲಿದ್ದಾರೆ ಎಂದು ಎಣಿಸಿದೆ. ಕಲ್ಲು ಏಳುತ್ತಿತ್ತು, ಇಳಿಯುತ್ತಿತ್ತು. ಅದನ್ನೂ ಎಣಿಕೆಗೆ ಸೇರಿಸಿದೆ.

ಮನೆ ನಡೆಸುವ ಕೆಲಸ ನನಗೆ ಕಲಿಸಿದ್ದು ಇಷ್ಟು. ಆಪತ್ತಿನಲ್ಲಿ ಒಂದು ಮಾತು ಬಾಯಿಂದ ಬಂದರೆ, ಆಮೇಲೆ ದಿನಾ ಬೇವು ಕಟ್ಟಿ, ಸಪ್ಪೆ ಉಂಡು ಅದನ್ನು ನಿಜ ಮಾಡಬೇಕು. ಮನಸ್ಸಿನಲ್ಲಿ ಭಕ್ತಿ ಇದೆಯೋ ಬರಿದಾಗಿದೆಯೋ ಎಂದು ನೋಡುತ್ತ ಕೂರಬಾರದು. ಕೈ ನಡೆಯುತ್ತಿರಬೇಕು. ಆ ಗುಂಡುಕಲ್ಲು ಈಗಲೂ ಗದಗಿನ ಮನೆಯಲ್ಲಿದೆ. ದಿನಾ ಅದರಿಂದ ಶುಂಠಿ ಜಜ್ಜುತ್ತೇನೆ. ಎಲ್ಲೋ ಒಂದು ಭಾಷೆಯಲ್ಲಿ ನನ್ನ ಹೆಸರಿನ ಒಂದು ನುಡಿ ಇದೆ. ಅದರ ಅರ್ಥ ನನಗೆ ಗೊತ್ತಿಲ್ಲ.